ದರಕು ಚೀಲಕ್ಕೆ ತುಂಬಬೇಡಿ ಮಾರಾಯ್ರೆ

ನಮಸ್ಕಾರ. ಹಿಂದೆ ಗರ್ ಅಂತ ಸದ್ದು ಕೇಳ್ತಿದ್ಯಾ? ಮೈಕ್ ಸರಿಯಾಗೇ ಇದೆ. ಅದು ಪಕ್ಕದ ಮನೆಯ ಲೀಫ್ ಬ್ಲೋವರ್, ಬಿದ್ದ ಎಲೆ ಊದಿ ಗುಡ್ಡೆ ಹಾಕೋ ಯಂತ್ರ. ನ್ಯೂಜೆರ್ಸಿಯಲ್ಲಿ ಅಕ್ಟೋಬರ್ ಬಂತು ಅಂದ್ರೆ ಶನಿವಾರದ ಸುಪ್ರಭಾತ ಇದೇ.

ನಾನು ಶಿರಸಿ ಕಡೆಯವನು. ಒಣಗಿ ಬಿದ್ದ ಎಲೆಗೆ ನಮ್ಮಲ್ಲಿ ದರಕು ಅಂತಾರೆ. ಬೆಟ್ಟದಲ್ಲಿ ಅದನ್ನ ಗುಡಿಸಿ, ಹೊತ್ತು ತಂದು, ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಳದ ಜೊತೆ ಕೊಳೆತ ಮೇಲೆ ಅಡಿಕೆ ಮರದ ಬುಡಕ್ಕೆ ಹಾಕೋದು. ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟದ ಹಕ್ಕು ಇತ್ತಲ್ಲ, ಅದು ಈ ಎಲೆಗಾಗಿಯೇ. ಇಲ್ಲಿ ನೋಡಿ, ಮೇಪಲ್, ಓಕ್ ಮರಗಳು ತಾವೇ ಅಂಗಳಕ್ಕೆ ತಂದು ಸುರೀತವೆ. ನಾವು ದುಡ್ಡು ಕೊಟ್ಟು ಅದನ್ನ ಸಾಗಹಾಕ್ತೀವಿ. ಏಪ್ರಿಲ್‌ನಲ್ಲಿ ಮತ್ತೆ ದುಡ್ಡು ಕೊಟ್ಟು, ಗಿಡದ ಬುಡಕ್ಕೆ ಹೊದಿಸೋ ಮಲ್ಚ್ ಚೀಲ ಹೊತ್ಕೊಂಡು ಬರ್ತೀವಿ. ನಮ್ಮಜ್ಜನಿಗೆ ಹೇಳಿದ್ರೆ ನಂಬ್ತಿರಲಿಲ್ಲ.

ಹೋದ ವಾರ ಒಬ್ಬ ಬಾಗಿಲು ಬಡಿದ. ಕೈಯಲ್ಲಿ ಟ್ಯಾಬ್. ಲಾನ್‌ನಲ್ಲಿ ಕ್ಲೋವರ್ ಅನ್ನೋ ಮೂರೆಲೆ ಕಳೆ ಇದೆ ಸರ್, ಮಣ್ಣಲ್ಲಿ ಗ್ರಬ್ ಹುಳು ಇರಬಹುದು ಸರ್, ಈಗಲೇ ಔಷಧಿ ಹೊಡೆಸಿ ಅಂದ. ಹೊಡೆದು ಹೋದ್ಮೇಲೆ ಹುಲ್ಲಿಗೊಂದು ಹಳದಿ ಬಾವುಟ ಚುಚ್ತಾರೆ, ಮಕ್ಕಳು, ನಾಯಿ ಕಾಲಿಡಬೇಡಿ ಅಂತ. ಆಡೋದಕ್ಕೆ ಅಂತ ಬೆಳೆಸಿದ ಹುಲ್ಲಿನ ಮೇಲೆ!

ಕ್ಲೋವರ್ ಕಥೆ ಕೇಳಿ. ಎರಡನೇ ಮಹಾಯುದ್ಧದವರೆಗೂ ಇಲ್ಲಿ ಲಾನ್ ಬೀಜದ ಜೊತೆ ಕ್ಲೋವರ್ ಬೀಜವನ್ನೂ ಬೆರೆಸೇ ಮಾರ್ತಿದ್ರು. ಗಾಳಿಯ ಸಾರಜನಕವನ್ನ ಮಣ್ಣಿಗೆ ಸೇರಿಸೋ ಗಿಡ ಅದು, ಪುಕ್ಕಟೆ ಯೂರಿಯಾ ಅಂದ್ಕೊಳ್ಳಿ. ಆಮೇಲೆ 2,4-ಡಿ ಅನ್ನೋ ಕಳೆನಾಶಕ ಬಂತು. ಅಗಲ ಎಲೆಯ ಗಿಡವನ್ನೆಲ್ಲ ಸುಡೋ ಔಷಧಿ ಅದು, ಕ್ಲೋವರನ್ನೂ ಸುಡ್ತು. ಔಷಧಿಯನ್ನ ಬಿಡೋಕಾಗಲಿಲ್ಲ, ಕ್ಲೋವರ್‌ಗೇ ಕಳೆ ಅಂತ ಹೆಸರಿಟ್ರು.

ಇನ್ನು ಗ್ರಬ್. ಜಪಾನೀಸ್ ಬೀಟಲ್ ಅನ್ನೋ ಜೀರುಂಡೆ ಅಮೆರಿಕದಲ್ಲಿ ಮೊದಲು ಕಂಡಿದ್ದು ನಮ್ಮ ರಾಜ್ಯದ್ದೇ ರಿವರ್ಟನ್ ಹತ್ರ, 1916ರಲ್ಲಿ. ಅದರ ಮರಿಹುಳುವೇ ಗ್ರಬ್, ಅದು ಹುಲ್ಲಿನ ಬೇರು ತಿನ್ನೋದು ನಿಜ. ಆದ್ರೆ ಚಳಿ ಏರಿದ ಹಾಗೆ ಅದು ಮಣ್ಣಿನ ಆಳಕ್ಕೆ ಇಳಿದುಬಿಡುತ್ತೆ. ಅಕ್ಟೋಬರ್ ಕೊನೆಯಲ್ಲಿ ಮೇಲಿಂದ ಹೊಡೆದ ವಿಷ ಯಾರನ್ನ ಕೊಲ್ಲುತ್ತೆ? ಎಲೆಯಡಿ ಇರೋರನ್ನ. ಮಿಂಚುಹುಳದ ಮರಿಗಳು ಅಲ್ಲೇ ಇರ್ತವೆ, ಬಸವನಹುಳ ತಿಂದ್ಕೊಂಡು. ಬಂಬಲ್ ಜೇನಿನ ಕುಟುಂಬದಲ್ಲಿ ಚಳಿಗಾಲ ದಾಟೋದು ಹೊಸ ರಾಣಿ ಮಾತ್ರ, ಅವಳು ಮಲಗೋದೂ ಮಣ್ಣಲ್ಲೇ. ಜುಲೈನಲ್ಲಿ ಮಿಂಚುಹುಳ ಎಲ್ಲಿ ಹೋದ್ವೋ ಅಂತ ವಾಟ್ಸಾಪ್‌ನಲ್ಲಿ ನಿಟ್ಟುಸಿರು ಬಿಡೋರೂ ನಾವೇ! ಜೇನಿಗೆ ಮಾರಕವಾದ ನಿಯೋನಿಕೋಟಿನಾಯ್ಡ್ ಅನ್ನೋ ಕೀಟನಾಶಕಗಳನ್ನ ಮನೆಯಂಗಳಕ್ಕೆ ಕೊಳ್ಳೋಕಾಗದ ಹಾಗೆ 2023ರ ಅಕ್ಟೋಬರ್ 31ರಿಂದ ನಮ್ಮ ರಾಜ್ಯ ಸರ್ಕಾರ ಕಟ್ಟು ಹಾಕಿದೆ. ಒಳ್ಳೇದೇ. ಬೇರೆ ವಿಷದ ಡಬ್ಬಗಳು ಅಂಗಡಿಯಲ್ಲಿ ಹಾಗೇ ಇವೆ.

ಹಾಗಂತ ದರಕನ್ನ ಬಿದ್ದಲ್ಲೇ ಬಿಡಿ ಅಂತಿಲ್ಲ. ಒದ್ದೆ ಎಲೆ ದಪ್ಪಗೆ ಕೂತ್ರೆ ಕೆಳಗಿನ ಹುಲ್ಲು ಕೊಳೆಯುತ್ತೆ. ಲಾನ್ ಮೇಲಿನ ತೆಳು ಪದರದ ಮೇಲೆ ಹುಲ್ಲು ಕತ್ತರಿಸೋ ಮೊವರ್ ಓಡಿಸಿ, ಪುಡಿಯಾಗಿ ಮಣ್ಣಿಗಿಳಿಯುತ್ತೆ. ಬ್ಲೇಡ್ ಮೂರು ಇಂಚು ಎತ್ತರಕ್ಕಿರಲಿ. ಉಳಿದ ಎಲೆ ಮರದ ಬುಡಕ್ಕೆ, ಹೂವಿನ ಪಾತಿಗೆ. ಮಕ್ಕಳು ಆಡೋ ಜಾಗದಿಂದ ರಾಶಿ ದೂರ ಇರಲಿ, ಯಾಕಂದ್ರೆ ಕಚ್ಚಿ ಲೈಮ್ ಕಾಯಿಲೆ ತರೋ ಉಣ್ಣಿ ಹುಳಕ್ಕೂ ಅದು ಬೆಚ್ಚನೆ ಮನೆ. ಇದನ್ನ ಹೇಳದೆ ಬರೀ "ಎಲೆ ಬಿಡಿ" ಅನ್ನೋ ಪರಿಸರಪ್ರೇಮಿಗಳ ಮೇಲೂ ನನಗೆ ಸಿಟ್ಟಿದೆ.

ಅಂಗಳ ನೀಟಾಗಿಲ್ಲ ಅಂತ ಬಡಾವಣೆಯ ಅಸೋಸಿಯೇಷನ್‌ನೋರು ಪತ್ರ ಕಳಿಸ್ತಾರಲ್ಲ ಅಂತೀರಾ? ರಸ್ತೆ ಕಡೆ ಅಂಚು ನೀಟಾಗಿ ಕತ್ತರಿಸಿಡಿ. ಹಿತ್ತಲನ್ನ ಯಾರೂ ಬಂದು ನೋಡಲ್ಲ.

ಓ, ಬ್ಲೋವರ್ ನಿಂತ ಹಾಗಿದೆ. ಹದಿನಾಲ್ಕು ಚೀಲ ಎಲೆ ತುಂಬಿ ರಸ್ತೆ ಬದಿಗಿಟ್ಟಿದ್ದಾರೆ. ಕೇಳಿ ತಂದ್ಕೋತೀನಿ. ಅವರ ಹುಲ್ಲಲ್ಲಿ ಹಳದಿ ಬಾವುಟ ಇಲ್ಲ, ಬೆಳಗ್ಗೆನೇ ನೋಡ್ಕೊಂಡು ಬಂದಿದ್ದೀನಿ.