ಮೀಟು ಕೊನೆಗೆ ಬಂದಾಗ

ಕೇಳುಗರಿಗೆ ನಮಸ್ಕಾರ. ವೀಣೆ ನುಡಿಸುವುದನ್ನೂ ಕಲಿಸುವುದನ್ನೂ ಕಸುಬಾಗಿ ಇಟ್ಟುಕೊಂಡಿರುವ ನಾನು, ಇಂಗ್ಲೆಂಡಿನ ರಾಕ್ ಸಂಗೀತದ ಒಂದೇ ಒಂದು ಹಾಡಿನ ಬಗ್ಗೆ ಇಂದು ಮಾತನಾಡಲಿದ್ದೇನೆ. ಬೀಟಲ್ಸ್ ತಂಡ 1966ರಲ್ಲಿ ಹೊರತಂದ ‘ರಿವಾಲ್ವರ್’ ಎಂಬ ಧ್ವನಿಮುದ್ರಿಕೆಯ ಕಡೆಯ ಹಾಡು ಅದು. ಹೆಸರು ‘ಟುಮಾರೊ ನೆವರ್ ನೋಸ್’. ಅವಧಿ ಸುಮಾರು ಮೂರು ನಿಮಿಷ. ನಮ್ಮಲ್ಲಿ ಕಛೇರಿಯ ಆರಂಭದಲ್ಲಿ ನುಡಿಸುವ ಒಂದು ವರ್ಣದ ಪೂರ್ವಾಂಗ, ಅಂದರೆ ಮೊದಲರ್ಧವೂ ಸಾವಕಾಶವಾಗಿ ಮುಗಿಯದಷ್ಟು ಹೊತ್ತು. ಆದರೂ ಈ ಮೂರು ನಿಮಿಷವನ್ನು ಕೇಳಲು ಕಲಿಯುವುದಕ್ಕೆ ನನಗೆ ಕೆಲವು ವಾರಗಳೇ ಹಿಡಿದವು. ಹಾಗಾಗಲು ನಾನು ಕಲಿತ ಸಂಗೀತವೇ ಕಾರಣ.

ಪಾಠಕ್ಕೆ ಬರುವ ಹುಡುಗನೊಬ್ಬ ಒಂದು ಸಂಜೆ ಇದನ್ನು ತನ್ನ ಮೊಬೈಲಿನಲ್ಲಿ ಕೇಳಿಸಿ, “ಮೇಷ್ಟ್ರೇ, ಇದು ಯಾವ ರಾಗ?” ಎಂದು ಕೇಳಿದ. ಹಾಡು ತಂಬೂರಿಯ ನಾದದಿಂದ ಆರಂಭವಾಗುತ್ತದೆ. ದೂರದಿಂದ ತೇಲಿ ಬಂದಂತೆ ಮೆಲ್ಲನೆ ಏರಿ ಬರುವ, ನಮ್ಮದೇ ತಂಬೂರಿ. ಅಷ್ಟು ಸಾಕಾಯಿತು ನನಗೆ. ಗಾಂಧಾರ ಅಂತರ, ನಿಷಾದ ಕೈಶಿಕಿ ಎಂದು ಲೆಕ್ಕ ಹಾಕಿ, “ಹರಿಕಾಂಭೋಜಿ ರಾಗದ ಛಾಯೆ, ಗಮಕವಿಲ್ಲ, ಸಂಚಾರವಿಲ್ಲ, ಮನೋಧರ್ಮವಿಲ್ಲ, ಒಂದೇ ಕಡೆ ನಿಂತುಬಿಟ್ಟಿದೆ” ಎಂದು ತೀರ್ಪು ಕೊಟ್ಟೆ. ಸ್ವರವನ್ನು ಅಲುಗಿಸಿ ತೂಗುವುದು ಗಮಕ, ರಾಗದಲ್ಲಿ ಸ್ವರಗಳು ಓಡಾಡುವ ಬಗೆ ಸಂಚಾರ, ಆ ಕ್ಷಣದಲ್ಲೇ ಕಟ್ಟುತ್ತ ನುಡಿಸುವುದು ಮನೋಧರ್ಮ. ಹುಡುಗ ವಿನಯವಂತ, ತಲೆಯಾಡಿಸಿ ಹೋದ. ನಾನು ಹೇಳಿದ್ದರಲ್ಲಿ ಸ್ವರಗಳ ಗುರುತು ಸರಿಯಾಗಿತ್ತು. ಉಳಿದುದೆಲ್ಲ ತಪ್ಪಾಗಿತ್ತು ಎಂದು ಆಮೇಲೆ ತಿಳಿಯಿತು.

ಮೊದಲಿಗೆ ಸ್ವರಗಳನ್ನೇ ನೋಡೋಣ. ಹಾಡಿನ ಆಧಾರ ಷಡ್ಜ ಪಾಶ್ಚಾತ್ಯರ ‘ಸಿ’, ಅಂದರೆ ನಮ್ಮ ಒಂದು ಮನೆ ಶ್ರುತಿ. ಮರುದಿನ ಬೆಳಿಗ್ಗೆ ನನ್ನ ತಂಬೂರಿಯನ್ನು ಆ ಶ್ರುತಿಗೆ ಇಳಿಸಿಕೊಂಡು, ಕುದುರೆಯ ಮೇಲೆ ಜೀವದ ನೂಲನ್ನು ಕೂದಲೆಳೆಯಷ್ಟು ಸರಿಸಿ ನಾದ ಬಿಚ್ಚಿಕೊಳ್ಳುವಂತೆ ಮಾಡಿ, ಹಾಡಿನ ಜೊತೆಗೆ ಮೀಟುತ್ತ ಕೂತೆ. ಹಾಡುವ ದನಿ ಬಹುಪಾಲು ಷಡ್ಜ, ಗಾಂಧಾರ, ಪಂಚಮಗಳ ಮೇಲೆಯೇ ಓಡಾಡುತ್ತದೆ. ಪ್ರತಿ ಚರಣದ ಕೊನೆಯ ಹೊತ್ತಿಗೆ ನಿಷಾದವನ್ನು ಮುಟ್ಟಿ ಷಡ್ಜಕ್ಕೆ ಮರಳುತ್ತದೆ. ಆ ನಿಷಾದದ ಸ್ಥಳದಲ್ಲಿ ಹಿಮ್ಮೇಳದಲ್ಲಿ ನಿಷಾದ, ರಿಷಭ, ಮಧ್ಯಮಗಳು ಒಟ್ಟಿಗೆ ಕೂಡಿದ ಒಂದು ಕಾರ್ಡ್ ಕೇಳುತ್ತದೆ. ಆಗಲೂ ತಳದ ಷಡ್ಜ ಅಲುಗುವುದಿಲ್ಲ. ಹಾರ್ಮನಿಯ ಚಲನೆಯನ್ನೇ ನೆಚ್ಚಿ ಬೆಳೆದ ಸಂಗೀತದಲ್ಲಿ, ಪ್ರತಿ ಹಾಡೂ ಒಂದು ಕಾರ್ಡಿನಿಂದ ಹೊರಟು ಇನ್ನೊಂದೆರಡನ್ನು ಸುತ್ತಿ ಮನೆಗೆ ಬರಬೇಕೆಂಬ ವಾಡಿಕೆ ಇದ್ದ ಕಾಲದಲ್ಲಿ, ಮನೆಯನ್ನೇ ಬಿಡದ ಹಾಡು ಅಲ್ಲಿನವರಿಗೆ ಹೇಗೆ ಕೇಳಿಸಿತೆಂಬುದನ್ನು ನಾವು ಪ್ರಯತ್ನಪಟ್ಟು ಊಹಿಸಿಕೊಳ್ಳಬೇಕು. ನಮಗಾದರೋ ಇದರಲ್ಲಿ ವಿಶೇಷವೇನೂ ಇಲ್ಲ. ನಾವು ಹುಟ್ಟುವುದೂ ಬೆಳೆಯುವುದೂ ಒಂದೇ ಷಡ್ಜದ ಮೇಲೆ. ನನ್ನ ಕಿವಿ ಎಡವಿದ್ದು ಇಲ್ಲೇ: ಪರಿಚಿತವಾದ ನೆಲ ಕಂಡೊಡನೆ, ಅದರ ಮೇಲೆ ಪರಿಚಿತವಾದ ಗಿಡವನ್ನೇ ಹುಡುಕಿತು. ಷಡ್ಜ ನಿಂತಿದೆ ಎಂದ ಮೇಲೆ ರಾಗ ಅರಳಬೇಕು, ಸ್ವರ ಸ್ವರಕ್ಕೂ ಸಂಬಂಧ ಬೆಳೆಯಬೇಕು ಎಂದು ಕಾಯಿತು, ಬೆಳೆಯದಿದ್ದಾಗ ಬೇಸರಪಟ್ಟಿತು.

ಎರಡನೆಯ ವಾರದಲ್ಲಿ ಹುಡುಗನ ಹತ್ತಿರ ಒಳ್ಳೆಯ ಹೆಡ್‌ಫೋನ್ ಎರವಲು ಪಡೆದು, ಒಂದು ಸಲಕ್ಕೆ ಒಂದೇ ದನಿಯನ್ನು ಹಿಂಬಾಲಿಸುವುದೆಂದು ನಿಶ್ಚಯಿಸಿದೆ. ಮೊದಲು ಡ್ರಮ್. ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಆರಂಭದಲ್ಲಿ ಹಿಡಿದ ನಡೆಯನ್ನು ಕೊನೆಯವರೆಗೂ ಬಿಡುವುದಿಲ್ಲ. ನಾಲ್ಕು ಎಣಿಕೆಯ ಆವರ್ತ, ಮೂರನೆಯ ಎಣಿಕೆಯ ಸುತ್ತ ಕಾಲು ತೊಡರಿದಂತೆ ಬೀಳುವ ಜೋಡಿ ಏಟು, ಮತ್ತೆ ಅದೇ. ನಮ್ಮ ಮೃದಂಗದವರು ಎಂಟು ಆವರ್ತಕ್ಕಿಂತ ಹೆಚ್ಚು ಹೊತ್ತು ಇದನ್ನು ಸಹಿಸಲಾರರು, ಮೋರಾ ಎಂಬ ಒಂದು ಸಣ್ಣ ಮುಕ್ತಾಯವನ್ನಾದರೂ ಇಟ್ಟುಬಿಡುತ್ತಾರೆ. ಇಲ್ಲಿ ಬದಲಾವಣೆ ಇರುವುದು ಏಟಿನ ಲೆಕ್ಕದಲ್ಲಲ್ಲ, ಏಟಿನ ಮೈಯಲ್ಲಿ. ಆ ದಿನಗಳಲ್ಲಿ ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ, ಅಂದರೆ ಮುಂದೆ ಅಬೆ ರೋಡ್ ಎಂದು ಹೆಸರಾದ ಸ್ಟುಡಿಯೋದಲ್ಲಿ, ಮೈಕನ್ನು ದೊಡ್ಡ ಡ್ರಮ್ಮಿನಿಂದ ಇಷ್ಟು ದೂರದಲ್ಲಿ ಇಡಬೇಕೆಂಬ ನಿಯಮವಿತ್ತು. ಬೀಟಲ್ಸ್ ತಂಡದ ಮುಖ್ಯ ಧ್ವನಿ ಎಂಜಿನಿಯರ್ ಆಗಿ ಅದೇ ಮೊದಲ ಸಲ ಕೂತಿದ್ದ, ಇಪ್ಪತ್ತು ವರ್ಷದ ಜೆಫ್ ಎಮೆರಿಕ್ ಆ ನಿಯಮವನ್ನು ಬದಿಗಿಟ್ಟು, ಡ್ರಮ್ಮಿನ ಒಳಗೆ ಒಂದು ಉಣ್ಣೆಯ ಸ್ವೆಟರ್ ತುರುಕಿ, ಮೈಕನ್ನು ಚರ್ಮದ ತೀರ ಹತ್ತಿರಕ್ಕೆ ತಂದು, ಬಂದ ದನಿಯನ್ನು ಲಿಮಿಟರ್ ಎಂಬ ಉಪಕರಣದ ಮೂಲಕ ಹಿಸುಕಿದ. ಆದ್ದರಿಂದಲೇ ಈ ಏಟು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಮೃದಂಗದ ಎಡಕ್ಕೆ ರವೆ ಮೆತ್ತುವಾಗ ಒಂದು ಚಿಟಿಕೆ ಹೆಚ್ಚಾದರೆ ನಾದ ಎಷ್ಟು ಬದಲಾಗುತ್ತದೆಂಬುದನ್ನು ಕಂಡವರಿಗೆ ಆ ಸ್ವೆಟರಿನ ಬೆಲೆ ಗೊತ್ತಾದೀತು.

ಮೂರನೆಯ ಸುತ್ತಿನಲ್ಲಿ ನಾನು ಹಿಂಬಾಲಿಸಿದ್ದು, ಹಾಡಿನ ಮೇಲೆಲ್ಲ ಹಾರಾಡುವ ವಿಚಿತ್ರ ದನಿಗಳನ್ನು. ಕಡಲ ಹಕ್ಕಿಯ ಕೂಗಿನಂತೆ ಕೇಳುವುದು ಒಂದು. ಅದು ವಾಸ್ತವದಲ್ಲಿ ಮನುಷ್ಯನ ನಗು, ಟೇಪಿನ ವೇಗ ಹೆಚ್ಚಿಸಿ ಮಾಡಿದ್ದು. ಇನ್ನೊಂದು ವಾದ್ಯವೃಂದದ ಕಾರ್ಡ್. ಮೆಲೊಟ್ರಾನ್ ಎಂಬ ಕೀಲಿಮಣೆ ವಾದ್ಯದ ಕೊಳಲಿನ ದನಿ ಒಂದು, ಅದೇ ವಾದ್ಯದ ತಂತಿಯ ದನಿ ಮತ್ತೊಂದು, ಸಿತಾರಿನಂತೆ ಮೇಲಕ್ಕೆ ಚಿಮ್ಮುವುದು ಐದನೆಯದು. ಇವು ಟೇಪಿನ ತುಂಡುಗಳು; ತುದಿಗೆ ತುದಿ ಅಂಟಿಸಿ ಬಳೆಯಂತೆ ಮಾಡಿ ಯಂತ್ರದ ಮೇಲೆ ಸುತ್ತಲು ಬಿಟ್ಟ ತುಂಡುಗಳು. ಈ ವಿದ್ಯೆ ರಾಕ್ ಸಂಗೀತದವರು ಕಂಡುಹಿಡಿದದ್ದಲ್ಲ. ಪ್ಯಾರಿಸ್ಸಿನ ಪಿಯೇರ್ ಷೆಫರ್ 1948ರಲ್ಲೇ ರೇಡಿಯೋ ಸ್ಟುಡಿಯೋದಲ್ಲಿ ಕೂತು, ಮುದ್ರಿತ ದನಿಗಳನ್ನೇ ಕತ್ತರಿಸಿ ಜೋಡಿಸಿ ಸಂಗೀತ ಕಟ್ಟಲು ಹೊರಟಿದ್ದ. ಜರ್ಮನಿಯ ಸಂಗೀತ ರಚನಕಾರ ಸ್ಟಾಕ್‌ಹೌಸನ್ ಅದನ್ನು ಬೇರೊಂದು ಎತ್ತರಕ್ಕೆ ಒಯ್ದಿದ್ದ. ಆ ಸಂಗೀತದಲ್ಲಿ ಆಸಕ್ತಿ ಹುಟ್ಟಿಸಿಕೊಂಡ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಮನೆಯಲ್ಲಿ ಟೇಪ್ ಯಂತ್ರ ಇಟ್ಟುಕೊಂಡು ಇಂಥ ಬಳೆಗಳನ್ನು ಮಾಡಿ ಸ್ಟುಡಿಯೋಗೆ ತಂದ.

ತಾಳ ಹಾಕುತ್ತ ಕೇಳಿದಾಗ ಒಂದು ಸಂಗತಿ ನನ್ನನ್ನು ಕಾಡಿತು. ಮೆಲೊಟ್ರಾನಿನ ತಂತಿಯ ಬಳೆ ಆರು ಎಣಿಕೆಯ ನಡೆಯಲ್ಲಿ ನಿಷಾದಕ್ಕೂ ಷಡ್ಜಕ್ಕೂ ತೂಗಾಡುತ್ತದೆ; ಕೆಳಗೆ ಡ್ರಮ್ ನಾಲ್ಕರಲ್ಲಿ ನಡೆಯುತ್ತಿದೆ. ಚತುರಶ್ರದ ಮೇಲೆ ತಿಸ್ರ, ನಾಲ್ಕರ ಮೇಲೆ ಮೂರು ಎಂದು ಖುಷಿಯಿಂದ ತೊಡೆ ತಟ್ಟಿದೆ, ಎಲ್ಲಿ ಕೂಡಿಕೊಳ್ಳುತ್ತದೆಂದು ಕಾದೆ. ಅದು ಕೂಡಿಕೊಳ್ಳಲೇ ಇಲ್ಲ. ಟೇಪಿನ ಬಳೆಯ ಉದ್ದ ತಾಳದ ಲೆಕ್ಕಕ್ಕೆ ಕತ್ತರಿಸಿದ್ದಲ್ಲ. ಅದು ತನ್ನ ಪಾಡಿಗೆ ತಾನು ಸುತ್ತುತ್ತದೆ, ಡ್ರಮ್ಮಿನ ಎದುರಿನಲ್ಲಿ ಬಂದಾಗ ಬಂದಂತೆ ನಿಲ್ಲುತ್ತದೆ. ನಮ್ಮ ಲೆಕ್ಕಾಚಾರದ ಸುಖವೆಲ್ಲ ಇರುವುದು ಎಲ್ಲಿಗೋ ಹೋದದ್ದು ಎಡುಪಿಗೆ, ಅಂದರೆ ತಾಳದಲ್ಲಿ ಹಾಡು ಎತ್ತಿಕೊಂಡ ಜಾಗಕ್ಕೆ, ಸರಿಯಾಗಿ ಬಂದು ಇಳಿಯುವುದರಲ್ಲಿ. ಇಳಿಯುವ ಮಾತೇ ಇಲ್ಲದ ಈ ಲಯ ಮೊದಲು ಅಶಿಸ್ತು ಎನಿಸಿತು. ಹತ್ತಾರು ಸಲ ಕೇಳಿದ ಮೇಲೆ ಅನಿಸಿದ್ದು ಬೇರೆ. ಬೆಳಗಿನ ಜಾವ ಅಂಗಳದಲ್ಲಿ ನಾವು ತಾಳ ಹಾಕುತ್ತ ಪಾಠ ಹೇಳಿಕೊಳ್ಳುವಾಗ ಹಕ್ಕಿಗಳು ತಮ್ಮ ಲಯದಲ್ಲಿ ಕೂಗುತ್ತಿರುತ್ತವಲ್ಲ, ಅವು ನಮ್ಮ ತಾಳ ತಪ್ಪಿಸುವುದಿಲ್ಲ, ಅದರಲ್ಲಿ ಸೇರುವುದೂ ಇಲ್ಲ. ಈ ಬಳೆಗಳು ಅಂಥವು.

1966ರ ಏಪ್ರಿಲ್ 6ರಂದು ಹಾಡಿನ ಬುನಾದಿಯ ಮುದ್ರಣ ಶುರುವಾಯಿತು. ಬಳೆಗಳನ್ನು ಸೇರಿಸಿದ್ದು ಮರುದಿನ. ಕಟ್ಟಡದ ಬೇರೆ ಬೇರೆ ಕೋಣೆಗಳಲ್ಲಿದ್ದ ಟೇಪ್ ಯಂತ್ರಗಳ ಮೇಲೆ ಬಳೆಗಳು ಸುತ್ತುತ್ತಿದ್ದವು, ಸಿಬ್ಬಂದಿ ಒಬ್ಬೊಬ್ಬರು ಟೇಪು ಸಡಿಲಾಗದಂತೆ ಪೆನ್ಸಿಲಿಗೆ ಸಿಕ್ಕಿಸಿ ಹಿಡಿದು ನಿಂತಿದ್ದರು; ಎಲ್ಲ ದನಿಗಳೂ ಒಂದು ಮಿಶ್ರಣದ ಮೇಜಿಗೆ ಬಂದು ಸೇರುತ್ತಿದ್ದವು. ಮೇಜಿನ ಮುಂದೆ ಕೂತವರು ಹಾಡು ಓಡುತ್ತಿದ್ದಂತೆ ಯಾವ ದನಿಯನ್ನು ಎತ್ತಬೇಕು, ಯಾವುದನ್ನು ಇಳಿಸಬೇಕು ಎಂದು ಆ ಕ್ಷಣದಲ್ಲೇ ತೀರ್ಮಾನಿಸಿ ಗುಂಡಿಗಳನ್ನು ಸರಿಸಿದರು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯಲ್ಲಿ ಓಬೋ ವಾದ್ಯ ಕಲಿತವರು, ಶಾಸ್ತ್ರದ ಶಿಸ್ತಿನವರು. ಆ ಮಿಶ್ರಣವನ್ನು ಇನ್ನೊಮ್ಮೆ ಹಾಗೆಯೇ ಮಾಡಲು ಸಾಧ್ಯವಿಲ್ಲವೆಂದು ಮುಂದೆ ಅವರೇ ಹೇಳಿದ್ದಾರೆ. ಅದನ್ನು ಓದಿದಾಗ ನನಗೆ ಹೊಳೆದದ್ದು, ಇಲ್ಲಿ ಮನೋಧರ್ಮವಿಲ್ಲವೆಂದು ನಾನು ಆಡಿದ ಮಾತು ಎಷ್ಟು ಅವಸರದ್ದು ಎಂಬುದು. ಮನೋಧರ್ಮ ಇತ್ತು, ಅದು ಗಾಯಕನ ಕಂಠದಲ್ಲೂ ವಾದಕನ ಬೆರಳಲ್ಲೂ ಇರಲಿಲ್ಲ, ಮಿಶ್ರಣದ ಮೇಜಿನ ಮೇಲಿತ್ತು. ನಾನು ತಪ್ಪು ಕಡೆ ಹುಡುಕುತ್ತಿದ್ದೆ.

ಕಂಠದ ವಿಷಯಕ್ಕೆ ಬರೋಣ. ಹಾಡಿದ ಜಾನ್ ಲೆನನ್‌ಗೆ ತನ್ನ ದನಿ ಬೆಟ್ಟದ ತುದಿಯಿಂದ ದಲೈ ಲಾಮಾ ಪಠಿಸಿದಂತೆ ಕೇಳಬೇಕೆಂಬ ಆಸೆ. ಸಾಹಿತ್ಯದ ಮೂಲ, ಟಿಬೆಟ್ಟಿನ ಮರಣಗ್ರಂಥವನ್ನು ಆಧರಿಸಿ 1964ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪುಸ್ತಕ. ಹಾಗಾಗಿ ಆ ಬೇಡಿಕೆ ಅಸಂಬದ್ಧವೇನಲ್ಲ. ಹಾಡಿನ ಮೊದಲರ್ಧದಲ್ಲಿ ದನಿ ಕೊಂಚ ದಪ್ಪವಾಗಿ, ತನ್ನ ನೆರಳನ್ನು ಅಂಟಿಸಿಕೊಂಡಂತೆ ಕೇಳುತ್ತದೆ. ಒಂದೇ ದನಿಯನ್ನು ಯಂತ್ರದಿಂದಲೇ ಎರಡಾಗಿಸುವ ಈ ಉಪಾಯ ಅದೇ ಸ್ಟುಡಿಯೋದ ಕೆನ್ ಟೌನ್‌ಸೆಂಡ್ ರೂಪಿಸಿದ್ದು. ಒಂದೇ ಸಾಲನ್ನು ಎರಡೆರಡು ಸಲ ಹಾಡುವುದು ಲೆನನ್‌ಗೆ ಬೇಸರವಾಗಿತ್ತಂತೆ. ನಡುವಿನ ಗಿಟಾರ್ ಮುಗಿದ ಮೇಲೆ ದನಿ ಮತ್ತೆ ಬರುವಾಗ ನಿಜಕ್ಕೂ ದೂರ ಹೋಗಿರುತ್ತದೆ. ಹ್ಯಾಮಂಡ್ ಆರ್ಗನ್ನಿಗಾಗಿ ಮಾಡಿದ್ದ, ಪೆಟ್ಟಿಗೆಯೊಳಗೆ ಗರಗರ ತಿರುಗುವ ಲೆಸ್ಲಿ ಸ್ಪೀಕರಿನ ಮೂಲಕ ದನಿಯನ್ನು ಹಾಯಿಸಿದ್ದರು. ಸ್ವರ ಅಲ್ಲಿ ಬಳುಕುತ್ತದೆ, ಕಂಪಿತ ಗಮಕವೋ ಎಂಬ ಭ್ರಮೆ ಹುಟ್ಟುತ್ತದೆ. ಆದರೆ ನಮ್ಮ ಕಂಪಿತಕ್ಕೆ ತಾನು ಯಾವ ಸ್ವರಕ್ಕೆ ಸೇರಿದ್ದೆಂದು ಗೊತ್ತು, ತೋಡಿ ರಾಗದ ಗಾಂಧಾರ ತೋಡಿಗಷ್ಟೇ ಹಾಗೆ ಅಲುಗುತ್ತದೆ. ಈ ಬಳುಕು ಎಲ್ಲ ಸ್ವರಕ್ಕೂ ಒಂದೇ. ಚರಣಗಳ ಸ್ವರ ಮೊದಲಿನಂತೆಯೇ ಇದ್ದರೂ ಎರಡನೆಯ ಅರ್ಧ ಬೇರೆ ಹಾಡಿನಂತೆ ಕೇಳುವುದು ಇದರಿಂದ. ಇದೇ ಹಾಡಿನ ಮೊದಲ ಮುದ್ರಣ 1996ರಲ್ಲಿ ಬಹಿರಂಗವಾಯಿತು, ಅದನ್ನೂ ಕೇಳಿದೆ. ಮಾತು ಅದೇ, ಧಾಟಿಯೂ ಅದೇ. ನಡೆ ನಿಧಾನ, ನಾದ ಕೆಸರಿನಲ್ಲಿ ಕಾಲೆಳೆದಂತೆ ಭಾರ. ಸ್ವರಲಿಪಿಯಲ್ಲಿ ಬರೆದರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ಕಿವಿಗೆ ಅವು ದಾಯಾದಿಗಳೂ ಅಲ್ಲ. ಸ್ವರಲಿಪಿಗೆ ಸಿಕ್ಕದೆ ಹೋಗುವುದೇ ಈ ಹಾಡಿನ ಸಾಹಿತ್ಯ, ಸಂಚಾರ, ಸರ್ವಸ್ವ ಎಂದು ನಾನು ಒಪ್ಪಿಕೊಂಡದ್ದು ಆ ದಿನ.

ಇಲ್ಲೊಂದು ಉಪಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ತಂಡದ ಜಾರ್ಜ್ ಹ್ಯಾರಿಸನ್ ನುಡಿಸಿದ ಆ ತಂಬೂರಿ, ಅವರು ಸಿತಾರ್ ವಾದಕ ರವಿಶಂಕರ್ ಅವರನ್ನು ಭೇಟಿಯಾಗುವುದಕ್ಕಿಂತ ಮೊದಲೇ ಈ ಹಾಡಿನಲ್ಲಿ ಕೂತಿತ್ತು. ಆ ಭೇಟಿ ನಡೆದದ್ದು ಜೂನ್ ತಿಂಗಳಿನಲ್ಲಿ, ಲಂಡನ್ನಿನಲ್ಲಿ, ಆಯನ ಅಂಗಡಿ ಎಂಬವರ ಮನೆಯಲ್ಲಿ. ಅಂಗಡಿಯವರು ಕನ್ನಡನಾಡಿನ ಮೂಲದವರು. ಹೆಂಡತಿ ಪೆಟ್ರೀಷಿಯಾ ಅವರೊಡನೆ 1946ರಲ್ಲಿ ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆ ಕಟ್ಟಿದವರು. ಅದೇ ಧ್ವನಿಮುದ್ರಿಕೆಯ ಇನ್ನೊಂದು ಹಾಡಿಗೆ ತಬಲಾ ವಾದಕರು ಬಂದದ್ದೂ ಆ ಸಂಸ್ಥೆಯ ಕಡೆಯಿಂದಲೇ. ನಮ್ಮ ಕಡೆಯ ಅಡ್ಡಹೆಸರೊಂದು ಅಲ್ಲಿ ಕಂಡಾಗ ಆದ ಸಂತೋಷವನ್ನು ಮುಚ್ಚಿಡಲಾರೆ.

ವೀಣೆಯವನಾದ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ನಡುವಿನ ಗಿಟಾರ್. ಅದನ್ನು ನುಡಿಸಿ, ಟೇಪನ್ನು ತಿರುಗುಮುರುಗಾಗಿ ಓಡಿಸಿದ್ದಾರೆ. ವೀಣೆಯಲ್ಲಾಗಲಿ ಗಿಟಾರಿನಲ್ಲಾಗಲಿ ನಾದದ ಕ್ರಮ ಒಂದೇ: ಮೀಟು ಮೊದಲು, ಅದರ ಚುರುಕು ಮೊದಲು, ಆಮೇಲೆ ನಾದ ಹರಡಿ, ತೆಳುವಾಗಿ, ಆರಿಹೋಗುತ್ತದೆ. ಆ ಆರುವಿಕೆಯ ಭಯದಿಂದಲೇ ನಮ್ಮ ವಾದನವೆಲ್ಲ ಹುಟ್ಟಿದೆ. ಒಂದೇ ಮೀಟಿನಲ್ಲಿ ತಂತಿಯನ್ನು ಎಳೆದು ಎಷ್ಟು ಸ್ವರ ಹಿಡಿಯಬಹುದು, ನಾದ ಸಾಯುವ ಮುನ್ನ ಎಲ್ಲಿಗೆ ಮುಟ್ಟಬಹುದು ಎಂಬುದೇ ನಮ್ಮ ಜೀವಮಾನದ ಸಾಧನೆ. ಈ ಗಿಟಾರಿನಲ್ಲಿ ನಾದ ಎಲ್ಲಿಂದಲೋ ಹುಟ್ಟಿ ಊದಿಕೊಳ್ಳುತ್ತ ಬರುತ್ತದೆ, ತುಂಬಿದ ಹೊತ್ತಿಗೆ ಟಪ್ಪನೆ ಕತ್ತರಿಸಿದಂತೆ ನಿಲ್ಲುತ್ತದೆ. ಮೀಟು ಕೊನೆಗೆ ಬರುತ್ತದೆ.

ಕಳೆದ ತಿಂಗಳು ಹುಡುಗನನ್ನು ಕೂರಿಸಿಕೊಂಡು, ನಾನು ನುಡಿಸಿದ ಬೇಗಡೆ ರಾಗದ ಆಲಾಪನೆಯ ಎರಡು ನಿಮಿಷವನ್ನು ಅವನ ಕಂಪ್ಯೂಟರಿನಲ್ಲಿ ಹಿಂದುಮುಂದಾಗಿಸಿ ಕೇಳಿದೆ. ಬೇಗಡೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಯಾರೋ ಮೂಗಿನಲ್ಲಿ ಹಾಡುತ್ತಿರುವಂತೆ, ಹಾರ್ಮೋನಿಯಮ್ಮಿಗೆ ಉಸಿರು ಹತ್ತಿದಂತೆ ಏನೇನೋ. ಹುಡುಗ ನಗು ತಡೆದುಕೊಂಡು, ಮೊದಲ ದಿನ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದ: “ಮೇಷ್ಟ್ರೇ, ಇದು ಯಾವ ರಾಗ?” ನಾನು ಹೇಳಲಿಲ್ಲ. ಪ್ರತಿ ಸ್ವರದ ಬಾಲಕ್ಕೆ ಬಂದು ತಗಲುವ ಆ ಸಣ್ಣ ಟಕ್ ಎಂಬ ಸದ್ದನ್ನು ಕೇಳುತ್ತಿದ್ದೆ. ನನ್ನ ಬಲಗೈಯ ತೋರುಬೆರಳಿನ ಉಗುರು ಒಂದು ಕಡೆ ಸವೆದಿದೆ. ಅದರ ಸದ್ದು ಅದು. ಇಷ್ಟು ವರ್ಷ ನುಡಿಸಿದರೂ, ನಾದ ಅದನ್ನು ಮುಚ್ಚಿಕೊಂಡು ಬರುತ್ತಿದ್ದುದರಿಂದ, ನಾನು ಅದನ್ನು ಕೇಳಿಯೇ ಇರಲಿಲ್ಲ. ನಮಸ್ಕಾರ.