ಫೋಲೇಟ್ ನಾರ್ಮಲ್ ಅಂತ ರಿಪೋರ್ಟ್ ಬಂದರೆ

ಎಲ್ಲರಿಗೂ ನಮಸ್ಕಾರ. ಕೆಲವರು ಮಗುವಿನ ಲ್ಯಾಬ್ ರಿಪೋರ್ಟನ್ನೇ ಹಿಡಿದುಕೊಂಡು ಬಂದಿದ್ದೀರಿ. ಒಳ್ಳೆಯದೇ ಆಯಿತು. ಅದನ್ನು ಬಿಡಿಸುವ ಮೊದಲು ಒಮ್ಮೆ ಪರೇಲ್‌ಗೆ ಹೋಗಿಬರೋಣ. ಮುಂಬೈಯಲ್ಲಿ ನಾವಿರುವ ಈ ಮಾಟುಂಗದಿಂದ ಎರಡೇ ಸ್ಟೇಷನ್ ಅಲ್ವಾ?

1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬೈಗೆ ಬಂದರು. ಇಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿ ಹೆಂಗಸರಿಗೆ ವಿಪರೀತ ರಕ್ತಹೀನತೆ ಕಾಡುತ್ತಿತ್ತು. ವಿಲ್ಸ್ ಪರೇಲ್‌ನ ಹಾಫ್‌ಕಿನ್ ಸಂಸ್ಥೆಯಲ್ಲಿ ಅದರ ಬೆನ್ನು ಹತ್ತಿದರು. ಕೊನೆಗೆ ಕೆಲಸ ಮಾಡಿದ್ದು ಮಾರ್ಮೈಟ್, ಅಂದರೆ ಬ್ರೆಡ್ಡಿಗೆ ಹಚ್ಚುವ ಅಗ್ಗದ ಯೀಸ್ಟ್ ಸಾರ. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದರೊಳಗಿದ್ದ ಗುಣಕಾರಿ ವಸ್ತುವೇ ಫೋಲೇಟ್, ಬಿ ಗುಂಪಿನ ಒಂದು ವಿಟಮಿನ್. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. ನಮ್ಮ ಊರಿನಲ್ಲೇ ಶುರುವಾದ ಕಥೆ ಇದು, ನಮಗೇ ಗೊತ್ತಿಲ್ಲ!

ಇನ್ನು ರಿಪೋರ್ಟ್. ಫೋಲೇಟ್ ಕಡಿಮೆಯಾದರೂ ಬಿ12 (ಹಾಲು, ಮೊಟ್ಟೆ, ಮಾಂಸದಿಂದ ಸಿಗುವ ಇನ್ನೊಂದು ವಿಟಮಿನ್) ಕಡಿಮೆಯಾದರೂ ಮೈಕ್ರೋಸ್ಕೋಪಿನಲ್ಲಿ ಕಾಣುವ ಚಿತ್ರ ಒಂದೇ. ಕೆಂಪು ಕಣಗಳು ದೊಡ್ಡದಾಗಿ ಊದಿರುತ್ತವೆ. ಕೆಲವು ಬಿಳಿ ಕಣಗಳ ನ್ಯೂಕ್ಲಿಯಸ್ ಐದಾರು ಹೋಳಾಗಿರುತ್ತದೆ. ಹಾಗಾಗಿ ಸ್ಲೈಡ್ ನೋಡಿ ಯಾವುದರ ಕೊರತೆ ಅಂತ ಹೇಳಲು ಆಗದು. ಆಗ ಬೇರೆ ಪರೀಕ್ಷೆಗಳು ಬೇಕು.

ಸೀರಂ ಫೋಲೇಟ್, ಅಂದರೆ ರಕ್ತದ ಕಣ ತೆಗೆದ ಮೇಲೆ ಉಳಿಯುವ ದ್ರವದಲ್ಲಿನ ಫೋಲೇಟ್, ಹೇಳುವುದು ಇತ್ತೀಚಿನ ಊಟದ ಸುದ್ದಿ. ಕೆಂಪು ಕಣದೊಳಗಿನ ಫೋಲೇಟ್ ಹೇಳುವುದು ಹಿಂದಿನ ಮೂರು-ನಾಲ್ಕು ತಿಂಗಳ ಸುದ್ದಿ, ಯಾಕೆಂದರೆ ಆ ಕಣದ ಆಯಸ್ಸೇ ಸುಮಾರು 120 ದಿನ. ಮೂರನೆಯದು ಹೋಮೋಸಿಸ್ಟೀನ್, ರಕ್ತದಲ್ಲಿರುವ ಒಂದು ಅಮೈನೋ ಆಸಿಡ್. ಫೋಲೇಟ್ ಕಡಿಮೆಯಾದರೆ ಅದು ಏರುತ್ತದೆ, ಬಿ12 ಕಡಿಮೆಯಾದರೂ ಏರುತ್ತದೆ. ನಾಲ್ಕನೆಯದು ಮೀಥೈಲ್‌ಮಲೋನಿಕ್ ಆಸಿಡ್. ಬಿ12 ಇಲ್ಲದಿದ್ದರೆ ದೇಹ ಬಳಸಲಾಗದೆ ಉಳಿಯುವ ಒಂದು ಆಸಿಡ್ ಇದು. ಬಿ12 ಕೊರತೆಯಲ್ಲಿ ಏರುತ್ತದೆ, ಬರೀ ಫೋಲೇಟ್ ಕೊರತೆಯಲ್ಲಿ ಏರುವುದಿಲ್ಲ. ನನ್ನ ಮಟ್ಟಿಗೆ ಇಡೀ ರಿಪೋರ್ಟಿನಲ್ಲಿ ಹೆಚ್ಚು ಕೆಲಸಕ್ಕೆ ಬರುವ ಸಾಲು ಇದೇ.

ಈಗ ಒಂದು ರಿಪೋರ್ಟ್ ಊಹಿಸಿಕೊಳ್ಳಿ. ಹತ್ತು ತಿಂಗಳ ಮಗು. ಎದೆಹಾಲು ಬಿಟ್ಟರೆ ಬೇರೇನೂ ಸರಿಯಾಗಿ ತಿನ್ನುತ್ತಿಲ್ಲ. ತಾಯಿ ಶುದ್ಧ ಸಸ್ಯಾಹಾರಿ, ಹಾಲು-ಮೊಸರೂ ಅಷ್ಟಕ್ಕಷ್ಟೇ. ಮೊದಲು ನಗುತ್ತಿದ್ದ ಮಗು ಈಗ ನಗುವುದಿಲ್ಲ, ಕೂರುತ್ತಿದ್ದದ್ದು ಕೂರುತ್ತಿಲ್ಲ. ಕೈ ನಡುಗುತ್ತದೆ, ಬೆರಳ ಗೆಣ್ಣು ಕಪ್ಪಾಗಿದೆ. ರಿಪೋರ್ಟಿನಲ್ಲಿ ಫೋಲೇಟ್ ನಾರ್ಮಲ್, ಬಹುಶಃ ಸ್ವಲ್ಪ ಜಾಸ್ತಿಯೇ. ಮನೆಯವರಿಗೆ ಸಮಾಧಾನ. ಆದರೆ ಬಿ12 ತೀರಾ ಕಡಿಮೆ, ಹೋಮೋಸಿಸ್ಟೀನ್, ಮೀಥೈಲ್‌ಮಲೋನಿಕ್ ಆಸಿಡ್ ಎರಡೂ ಮೇಲೆ.

ಫೋಲೇಟ್ ಯಾಕೆ ಜಾಸ್ತಿ? ಫೋಲೇಟ್ ತಾನು ಹೊತ್ತ ಮೀಥೈಲ್ ಗುಂಪನ್ನು (ಒಂದೇ ಇಂಗಾಲದ ಸಣ್ಣ ತುಣುಕನ್ನು) ಬಿ12 ಮೂಲಕ ಹೋಮೋಸಿಸ್ಟೀನ್‌ಗೆ ದಾಟಿಸಬೇಕು. ಬಿ12 ಇಲ್ಲದಿದ್ದರೆ, ಸಿಗ್ನಲ್ ಸಿಗದೆ ಕುರ್ಲಾದ ಹೊರಗೆ ನಿಂತ ಲೋಕಲ್‌ನ ಹಾಗೆ, ಅದು ಹೊತ್ತದ್ದನ್ನು ಇಳಿಸಲಾಗದೆ ನಿಲ್ಲುತ್ತದೆ. ರಕ್ತದಲ್ಲಿ ಇರುತ್ತದೆ, ಕೆಲಸಕ್ಕೆ ಬರುವುದಿಲ್ಲ. ಈ ಮಗುವಿಗೆ ಫೋಲಿಕ್ ಆಸಿಡ್ ಮಾತ್ರೆ ಮಾತ್ರ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣಬಹುದು, ನರಗಳಿಗೆ ಆಗುವ ಹಾನಿ ಮುಂದುವರಿಯುತ್ತದೆ. ಅದಕ್ಕೇ ನಾನು ಹಟ ಹಿಡಿದು ಹೇಳುವುದು: ಫೋಲಿಕ್ ಆಸಿಡ್ ಶುರುಮಾಡುವ ಮುಂಚೆ ಬಿ12 ನೋಡಿ. ತಾಯಿಯದ್ದೂ ನೋಡಿ.

ಪುಣೆಯ ಕೆಇಎಂ ಆಸ್ಪತ್ರೆಯ ತಂಡ ಸುತ್ತಲಿನ ಹಳ್ಳಿಗಳ ತಾಯಂದಿರನ್ನೂ ಅವರ ಮಕ್ಕಳನ್ನೂ 1990ರ ದಶಕದಿಂದ ಗಮನಿಸುತ್ತಾ ಬಂದಿದೆ. 2008ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಬಸುರಿನಲ್ಲಿ ಬಿ12 ಕಡಿಮೆ, ಫೋಲೇಟ್ ಜಾಸ್ತಿ ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವರ್ಷಕ್ಕೆ ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು, ಹೆಚ್ಚು ಕಂಡಿತ್ತು. ಇದು ಕಾರಣ ಅಂತ ಸಾಬೀತಾಗಿದೆ ಅನ್ನುತ್ತಿಲ್ಲ. ಆದರೆ ಎರಡನ್ನೂ ಒಟ್ಟಿಗೆ ನೋಡಬೇಕು ಅನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ರಕ್ತ ಕೊಡುವಾಗಲೂ ಸ್ವಲ್ಪ ಎಚ್ಚರ ಬೇಕು. ಹೋಮೋಸಿಸ್ಟೀನ್‌ಗೆ ರಕ್ತ ತೆಗೆದ ಟ್ಯೂಬು ಐಸಿನ ಮೇಲೆ ಇರಬೇಕು, ಬೇಗ ಕಣಗಳನ್ನು ಬೇರ್ಪಡಿಸಬೇಕು. ಮೇ ತಿಂಗಳ ಸೆಕೆಯಲ್ಲಿ ಅದು ವಿರಾರ್‌ನಿಂದ ದಾದರ್‌ವರೆಗೆ ಹಾಗೇ ಬಂದರೆ ಕಣಗಳೇ ಹೋಮೋಸಿಸ್ಟೀನ್ ಬಿಡುತ್ತವೆ, ಸಂಖ್ಯೆ ಸುಮ್ನೆ ಏರುತ್ತದೆ. ಸೂಜಿ ಚುಚ್ಚುವಾಗ ಕಣ ಒಡೆದರೆ ಸೀರಂ ಫೋಲೇಟ್ ಇಲ್ಲದ ಹೆಚ್ಚಳ ತೋರಿಸುತ್ತದೆ. ಮಗು ಫಿಟ್ಸ್‌ಗೆ ಫೆನಿಟೋಯಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಆ ಔಷಧಿ ಫೋಲೇಟ್ ಇಳಿಸುತ್ತದೆ.

ಬಹಳ ಅಪರೂಪಕ್ಕೆ ಹೋಮೋಸಿಸ್ಟೀನ್ ನೂರು ದಾಟುತ್ತದೆ. ಆಗ ಆಹಾರದ ಕೊರತೆಯ ಜೊತೆಗೆ ಹುಟ್ಟಿನಿಂದ ಬರುವ ಕಾಯಿಲೆಯನ್ನೂ ಹುಡುಕಬೇಕು, ಮೆಥಿಯೋನಿನ್ (ಹೋಮೋಸಿಸ್ಟೀನ್ ಆ ಮೀಥೈಲ್ ಗುಂಪನ್ನು ಪಡೆದಾಗ ಆಗುವ ಅಮೈನೋ ಆಸಿಡ್) ನೋಡಬೇಕು. ಅದು ಹೆಚ್ಚಿದ್ದರೆ ಒಂದು ದಾರಿ, ಕಡಿಮೆ ಇದ್ದರೆ ಇನ್ನೊಂದು. ಇದು ಮೆಟಬಾಲಿಕ್ ತಜ್ಞರ ಕೆಲಸ. ತಡಮಾಡದೆ ಅವರ ಹತ್ತಿರ ಹೋಗಿ.

ಕೊನೆಗೆ, ಎಂಟಿಎಚ್‌ಎಫ್‌ಆರ್ ಜೀನ್ ಪರೀಕ್ಷೆ ಬಗ್ಗೆ ಇಬ್ಬರು ಚೀಟಿ ಕೊಟ್ಟಿದ್ದಾರೆ. ಫೋಲೇಟನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವ ಕಿಣ್ವದ ಜೀನ್ ಅದು. 677 ಅಂತ ಬರುವ ಬದಲಾವಣೆ ಆರೋಗ್ಯವಾಗಿರುವ ಎಷ್ಟೋ ಜನರಲ್ಲೂ ಇದೆ. ಹೋಮೋಸಿಸ್ಟೀನ್ ನಾರ್ಮಲ್ ಇದ್ದರೆ ಅದಕ್ಕೆ ದುಡ್ಡು ಹಾಕಬೇಡಿ. ಇನ್ನು ಪ್ರಶ್ನೆ ಕೇಳಿ.