ನೇರಳೆ ಬಣ್ಣ ಬರಬೇಕಂದ್ರ ಕೋರಂ ತುಂಬಬೇಕು

ಕೋರಂ ಇಲ್ಲಂತ ಪಂಚಾಯ್ತಿ ಸಭೆ ಮುಂದಕ್ಕ ಹೋದ ಸುದ್ದಿ ಪೇಪರಿನ್ಯಾಗ ಓದೇ ಇರ್ತೀರಿ. ಬ್ಯಾಕ್ಟೀರಿಯಾದ್ದೂ ಅದೇ ಕಥಿ, ಸಾಕಷ್ಟು ಕೋಶ ಸೇರೋತನಕ ಕೆಲವು ಕೆಲಸ ಶುರು ಮಾಡಂಗಿಲ್ಲ. 1994ರಾಗ ಇದಕ್ಕ ‘ಕೋರಂ ಸೆನ್ಸಿಂಗ್’ ಅಂತ ಹೆಸರಿಟ್ರು. ಆದ್ರ ಇಲ್ಲಿ ಹಾಜರಿ ಪುಸ್ತಕ ಇಲ್ಲ, ತಲಿ ಎಣಿಸೋರೂ ಇಲ್ಲ.

ಈ ಪ್ಲೇಟ್ ನೋಡ್ರಿ, ನೇರಳಹಣ್ಣು ತಿಂದ ನಾಲಿಗಿ ಬಣ್ಣ. ಇದರಾಗ ಬೆಳೆದದ್ದು ಕ್ರೋಮೋಬ್ಯಾಕ್ಟೀರಿಯಂ ವಯೋಲೇಸಿಯಂ ಅನ್ನೋ ಬ್ಯಾಕ್ಟೀರಿಯಾ. ಪ್ರತಿ ಕೋಶಾನೂ ಎಎಚ್‌ಎಲ್ ಅನ್ನೋ ಸಣ್ಣ ಸಿಗ್ನಲ್ ಅಣು ಮಾಡಿ ಹೊರಗ ಬಿಡ್ತದ. ಕೋಶ ಕಡಿಮಿ ಇದ್ದಾಗ ಅದು ಹರಡಿ ತೆಳ್ಳಗಾಗ್ತದ. ಇಕ್ಕಟ್ಟಿನ್ಯಾಗ ಕೋಶ ಹೆಚ್ಚಾದಂಗ ಅದೂ ಸುತ್ತ ದಟ್ಟಾಗ್ತದ, ವಾಪಸ್ ಒಳಗ ಬಂದು ಸಿಗ್ನಲ್ ಹಿಡಿಯೋ ಸಿವಿಐಆರ್ ಪ್ರೋಟೀನಿಗಿ ಅಂಟ್ತದ. ಆ ಜೋಡಿ ಡಿಎನ್‌ಎ ಮ್ಯಾಲ ಕೂತಾಗ್ಲೇ ವಯೋಲೇಸಿನ್ ಅನ್ನೋ ನೇರಳೆ ಬಣ್ಣ ಮಾಡೋ ಜೀನ್‌ಗಳು ಚಾಲೂ. ಅಂದ್ರ ಕೋಶ ಅಳೆಯೋದು ಮಂದೀನ ಅಲ್ಲ, ಸಿಗ್ನಲ್‌ನ ಸಾಂದ್ರತಿ.

ನಿಮ್ಮ ಬ್ಯಾಕ್ಟೀರಿಯಾ ಎಎಚ್‌ಎಲ್ ಬಿಡ್ತದೋ ಇಲ್ಲೋ ನೋಡಬೇಕಂದ್ರ ಈ ಕ್ರೋಮೋಬ್ಯಾಕ್ಟೀರಿಯಂದೇ ಸಿವಿ026 ಅನ್ನೋ ತಳಿ ಬೇಕು. ಇದಕ್ಕ ಸ್ವಂತ ಸಿಗ್ನಲ್ ಮಾಡಾಕ ಬರಂಗಿಲ್ಲ, ಹೊರಗಿಂದ ಸಿಕ್ಕರ ಬಣ್ಣ ಕೊಡ್ತದ. ರಾತ್ರಿ ಬೆಳೆಸಿದ ಕಲ್ಚರ್ 100 ಮೈಕ್ರೋಲೀಟರ್, 5 ಮಿಲಿ ಕರಗಿದ ಮೆತ್ತನ ಎಲ್‌ಬಿ ಅಗಾರ್‌ನ್ಯಾಗ (ಬ್ಯಾಕ್ಟೀರಿಯಾ ಬೆಳೆಸೋ, ಜೆಲ್ಲಿಯಂಗ ಹೆಪ್ಪಾಗೋ ಮೀಡಿಯಾ) ಬೆರೆಸಿ ಎಲ್‌ಬಿ ಪ್ಲೇಟಿನ ಮ್ಯಾಲ ಸುರೀರಿ. ಅಗಾರ್ 45 ಡಿಗ್ರಿ ಆಸುಪಾಸು ಇರಲಿ. ಟ್ಯೂಬ್ ಮುಂಗೈಗಿ ತಾಗಿಸಿದ್ರ ಬೆಚ್ಚಗ ಅನಿಸಬೇಕು, ಚುರುಕ್ ಅಂದ್ರ ಕೋಶ ಸತ್ತಂಗ. ಹೆಪ್ಪಾದ ಮ್ಯಾಲ 6 ಮಿಮೀ ಗುಂಡಿ ಕೊರ್ದು ಸ್ಯಾಂಪಲ್ ಹಾಕ್ರಿ. ಪಕ್ಕದ ಗುಂಡಿಗಿ ಸಿ6-ಎಎಚ್‌ಎಲ್ (6 ಕಾರ್ಬನ್ ಬಾಲದ್ದು), ಅಲ್ಲಿ ಬಣ್ಣ ಬರಲೇಬೇಕು; ಇನ್ನೊಂದಕ್ಕ ಅದನ್ನ ಕರಗಿಸಿದ ಸಾಲ್ವೆಂಟ್ ಬರೇ, ಅಲ್ಲಿ ಬರಬಾರದು. ಈ ಎರಡಿಲ್ಲದ ಪ್ಲೇಟ್ ಹಿಡಕೊಂಡು ವಾದ ಮಾಡಾಕ ಹೋಗಬ್ಯಾಡ್ರಿ.

30 ಡಿಗ್ರಿ, 24 ತಾಸು. ಕಲಬುರಗಿ ಮೇ ತಿಂಗಳದಾಗ ಇದೇ ತಕರಾರು. ಬರೇ ಹೀಟರ್ ಇರೋ ಇನ್‌ಕ್ಯುಬೇಟರ್ ರೂಮಿಗಿಂತ ತಣ್ಣಗ ಮಾಡಂಗಿಲ್ಲ. ರೂಮೇ 38 ಇದ್ರ ಒಳಗೂ ಅದಕ್ಕ ಕಡಿಮಿ ಇರಂಗಿಲ್ಲ. ಬೆಳವಣಿಗಿ ಚಂದ ಕಾಣ್ತದ, ಬಣ್ಣ ಮಾತ್ರ ಪೇಲವ. ತಂಪು ಮಾಡೋ ಬಿಓಡಿ ಇನ್‌ಕ್ಯುಬೇಟರ್ರೇ ಬೇಕು. ಮೀಡಿಯಾಕ್ಕ ಬೋರಿನ ನೀರು ಬ್ಯಾಡ, ಡಿಸ್ಟಿಲ್ಡ್ ವಾಟರ್ ಹಾಕಿ ಪಿಎಚ್ 7ಕ್ಕ ತರ್ರಿ. 8 ದಾಟಿದ್ರ ಎಎಚ್‌ಎಲ್‌ನ ಉಂಗುರ ಬಿಚ್ಚಿ ಸಿಗ್ನಲ್ ಹಾಳಾಗ್ತದ.

ಬಣ್ಣ ಬರದಿದ್ರ ಸಿಗ್ನಲ್ಲೇ ಇಲ್ಲ ಅನ್ನಬ್ಯಾಡ್ರಿ. ಸಿವಿ026 ನೇರಳೆ ಆಗೋದು 4ರಿಂದ 8 ಕಾರ್ಬನ್ ಬಾಲದ ಎಎಚ್‌ಎಲ್‌ಗಿ. ಬಾಲ 10 ಅಥವಾ ಅದಕ್ಕೂ ಉದ್ದ ಇದ್ರ ಬಣ್ಣ ಏಳಂಗಿಲ್ಲ.

ಬೇವು, ಬಳ್ಳೊಳ್ಳಿ ರಸ ಕೋರಂ ತಡೀತದೇನು ಅಂತ ನೋಡೋರು ಪ್ಲೇಟ್ ಪೂರಾ ನೇರಳೆ ಆಗ್ಲಿ ಅಂತ ಅಗಾರ್‌ನ್ಯಾಗ ಮೊದಲೇ ಸಿ6 ಬೆರೆಸಿ, ರಸ ಗುಂಡಿಗಿ ಹಾಕ್ತಾರ. ಹೆಚ್ಚು ಮಂದಿ ಎಡವೋದು ಇಲ್ಲೇ. ಗುಂಡಿ ಸುತ್ತ ಬಿಳಿ ವೃತ್ತ ಕಂಡ ಕೂಡ್ಲೇ ಖುಷಿ ಪಡಬ್ಯಾಡ್ರಿ. ಪ್ಲೇಟ್ ಬೆಳಕಿಗಿ ಎತ್ತಿ ಹಿಡೀರಿ. ವೃತ್ತ ಮಜ್ಜಿಗಿಯಂಗ ಮಸುಕಿದ್ರ ಕೋಶ ಬದುಕಿ, ಬಣ್ಣ ಅಷ್ಟೇ ನಿಂತದ. ಗಾಜಿನಂಗ ತಿಳಿ ಇದ್ರ ರಸ ಕೋಶಾನೇ ಕೊಂದದ, ಕೋರಂ ತಡೆದಿಲ್ಲ.

ಮುಗಿದ ಪ್ಲೇಟ್ ಸಿಂಕಿಗಿ ಹಾಕಬ್ಯಾಡ್ರಿ. ಅಪರೂಪಕ್ಕ ಈ ಬ್ಯಾಕ್ಟೀರಿಯಾ ಮನುಷ್ಯರಿಗೂ ಜೋರಾಗಿ ಸೋಂಕು ತರ್ತದ. 121 ಡಿಗ್ರಿಗಿ ಆಟೋಕ್ಲೇವ್ (ಒತ್ತಡದ ಹಬಿಯಾಗ ಬೇಯಿಸೋದು) ಮಾಡೇ ಬಿಸಾಡ್ರಿ.